ಹಾಡಿಗೊಂದು ಹಾಳೆ, ಬಾಳಿಗೊಂದು ಹಾಳೆ

(ಪ್ರಾಚೀನ ಈಜಿಪ್ಟಿನ ಒಲವು ಮತ್ತು ದಾಂಪತ್ಯವನ್ನು ಕುರಿತು ವಾಚನಾಲಯವೊಂದರ ಸಂಜೆಯ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹರೂಪ)



ಈಜಿಪ್ಟ್ ಎಂದೊಡನೆ ನಮ್ಮ ಕಣ್ಣ ಮುಂದೆ ಬಂದು ನಿಲ್ಲುವುದು ಮೂರು: ಪಿರಮಿಡ್ಡು, ಮಮ್ಮಿ ಮತ್ತು ಕ್ಲಿಯೋಪಾತ್ರ. ಮೊದಲಿನ ಎರಡು ಸಾವಿಗೆ ಸೇರಿದವು. ಮೂರನೆಯವಳು ಗ್ರೀಕ್ ಮೂಲದ ರಾಜವಂಶದ ಕೊನೆಯ ರಾಣಿ, ಕ್ರಿ.ಪೂ. 30ರಲ್ಲಿ ತೀರಿಕೊಂಡವಳು. ಆಕೆ ಹುಟ್ಟುವ ಹೊತ್ತಿಗೆ ಗೀಜಾದ ದೊಡ್ಡ ಪಿರಮಿಡ್ಡಿಗೆ ಎರಡೂವರೆ ಸಾವಿರ ವರ್ಷ ತುಂಬಿಹೋಗಿತ್ತು. ಇಷ್ಟು ದೀರ್ಘ ಕಾಲ ನೈಲ್ ನದಿಯ ದಡದಲ್ಲಿ ಉತ್ತು, ಬಿತ್ತು, ಕಲ್ಲು ಕಡಿದು ಬದುಕಿದ ಸಾಮಾನ್ಯ ಜನ ಒಬ್ಬರನ್ನೊಬ್ಬರು ಹೇಗೆ ಮೆಚ್ಚಿಕೊಂಡರು, ಹೇಗೆ ಮದುವೆಯಾದರು, ಮನಸ್ತಾಪ ಬಂದಾಗ ಏನು ಮಾಡಿದರು ಎಂಬುದನ್ನು ಮಾತ್ರ ಯಾವ ಸಿನಿಮಾವೂ ನಮಗೆ ತೋರಿಸಿಲ್ಲ.

ಈ ದಿನ ಆ ಜನರ ಬಗ್ಗೆ ನಾಲ್ಕು ಮಾತು ಹೇಳಬೇಕೆಂದಿದ್ದೇನೆ. ಒಬ್ಬ ತಂದೆಯಿಂದ ಆರಂಭಿಸುತ್ತೇನೆ.

ಲಂಡನ್ನಿನ ಪೆಟ್ರಿ ಮ್ಯೂಸಿಯಂನಲ್ಲಿರುವ ಬರಹದ ಚೂರುಗಳಲ್ಲಿ ಒಂದು, ಹೋರೆಮ್‌ವಿಯಾ ಎಂಬ ತಂದೆ ತನ್ನ ಮಗಳಿಗೆ ಕೊಟ್ಟ ಮಾತಿನ ದಾಖಲೆ. ಮಗಳ ಹೆಸರು ತನೆತ್‌ಜೆಸೆರೆ. ಅಳಿಯ ಬಾಕಿ ಎಂಬ ಕೂಲಿಕಾರ. ನೀನು ನನ್ನ ಒಳ್ಳೆಯ ಮಗಳು, ಆ ಬಾಕಿ ನಿನ್ನನ್ನು ಮನೆಯಿಂದ ಹೊರಗೆ ಹಾಕಿದರೆ ನಾನು ಸುಮ್ಮನಿರುವುದಿಲ್ಲ ಎನ್ನುತ್ತಾನೆ ತಂದೆ. ಮನೆಯೇನೋ ಫೇರೋ ದೊರೆಗೆ ಸೇರಿದ್ದು. ಆದರೆ ಉಗ್ರಾಣವನ್ನು ಕಟ್ಟಿದವನು ತಾನು. ಅದರ ಮುಂದಿನ ಕೋಣೆಯಲ್ಲಿ ಮಗಳು ಇರಬಹುದು, ಅಲ್ಲಿಂದ ಅವಳನ್ನು ಎಬ್ಬಿಸುವವರು ಈ ನಾಡಿನಲ್ಲೇ ಯಾರೂ ಇಲ್ಲ ಎಂದು ಬರೆಸುತ್ತಾನೆ.

ಮೂರು ಸಾವಿರ ವರ್ಷಕ್ಕೂ ಹಳೆಯ ಮಾತಿದು. ಓದಿದಾಗ ನನಗೆ ಮೊದಲು ಹೊಳೆದದ್ದು ಒಂದೇ ಶಬ್ದ: ತವರು. ಆಮೇಲೆ ಒಂದು ಪ್ರಶ್ನೆಯೂ ಎದ್ದಿತು. ಮಗಳು ಗಂಡನ ಮನೆಯಲ್ಲಿರುವಾಗಲೇ ಈ ತಂದೆ ಇಂಥ ಮಾತನ್ನು ಏಕೆ ಬರೆದಿಡಬೇಕಾಯಿತು? ಬಾಯಿಮಾತಿನಲ್ಲಿ ಹೇಳಿದ್ದರೆ ಸಾಲುತ್ತಿರಲಿಲ್ಲವೇ? ಈ ಪ್ರಶ್ನೆಗೆ ಉತ್ತರ ಹುಡುಕುತ್ತ ಹೋದರೆ ಪ್ರಾಚೀನ ಈಜಿಪ್ಟಿನ ದಾಂಪತ್ಯದ ಒಳಗುಟ್ಟು ಸಿಗುತ್ತದೆ.

ಮರಳು ಕಾಪಾಡಿದ ಊರು

ಈ ತಂದೆ ಮಗಳು ಇದ್ದ ಊರಿನ ಇಂದಿನ ಹೆಸರು ದೈರ್ ಎಲ್ ಮದೀನಾ. ಹಿಂದಿನ ರಾಜಧಾನಿ ಥೀಬ್ಸ್, ಅಂದರೆ ಇಂದಿನ ಲಕ್ಸರ್ ನಗರದ ಎದುರು, ನೈಲ್ ನದಿಯ ಪಶ್ಚಿಮ ದಡದ ಗುಡ್ಡಗಳ ನಡುವೆ ಅದರ ಅವಶೇಷವಿದೆ. ಫೇರೋಗಳ ಗೋರಿಗಳನ್ನು ಬಂಡೆಯಲ್ಲಿ ಕೊರೆದು, ಗೋಡೆಗೆ ಚಿತ್ರ ಬರೆಯುತ್ತಿದ್ದ ಕುಶಲಕರ್ಮಿಗಳ ವಸತಿ ಅದು. ಗೋಡೆಯೊಳಗೆ ಸುಮಾರು ಎಪ್ಪತ್ತು ಮನೆ. ಕ್ರಿ.ಪೂ. 1500ರ ಆಸುಪಾಸಿನಲ್ಲಿ ಆರಂಭವಾಗಿ ಸುಮಾರು ನಾಲ್ಕು ಶತಮಾನ ಜನ ಅಲ್ಲಿ ಬಾಳಿದರು. ಕೂಲಿಯ ದವಸ ಬರಲಿಲ್ಲವೆಂದು ಮೂರನೆಯ ರಾಮ್ಸೆಸ್ ದೊರೆಯ 29ನೆಯ ಆಳ್ವಿಕೆಯ ವರ್ಷದಲ್ಲಿ ಕೆಲಸ ನಿಲ್ಲಿಸಿ ಹೊರಟವರೂ ಇವರೇ. ಚರಿತ್ರೆಯಲ್ಲಿ ದಾಖಲಾದ ಮೊಟ್ಟಮೊದಲ ಮುಷ್ಕರವೆಂದು ಅದು ಹೆಸರಾಗಿದೆ.

ಕೆಲಸದ ಸ್ವಭಾವದಿಂದಾಗಿ ಇಲ್ಲಿ ಓದುಬರಹ ಬಲ್ಲವರು ಬೇರೆ ಹಳ್ಳಿಗಳಿಗಿಂತ ಹೆಚ್ಚು. ನೀರಿನ ಜೊಂಡಿನಿಂದ ಮಾಡುವ ಪಪೈರಸ್ ಹಾಳೆ ಅಗ್ಗದ ವಸ್ತುವಾಗಿರಲಿಲ್ಲ. ಸಾಲ, ಜಗಳ, ಚೀಟಿ, ಪ್ರಮಾಣ ಎಲ್ಲವನ್ನೂ ಸುಣ್ಣಕಲ್ಲಿನ ಚಕ್ಕೆಯ ಮೇಲೋ ಒಡೆದ ಮಡಕೆಯ ಚೂರಿನ ಮೇಲೋ ಗೀಚಿಡುತ್ತಿದ್ದರು. ಫ್ರೆಂಚ್ ಪುರಾತತ್ವಜ್ಞ ಬರ್ನಾರ್ಡ್ ಬ್ರೂಯೇರ್ 1922ರಿಂದ 1951ರವರೆಗೆ ಇಲ್ಲಿ ಉತ್ಖನನ ನಡೆಸಿದಾಗ ಇಂಥ ಚೂರುಗಳು ಸಾವಿರಾರು ಸಂಖ್ಯೆಯಲ್ಲಿ ಸಿಕ್ಕವು.

ಈಜಿಪ್ಟಿನ ಒಣ ಮರಳು ಹಾಳೆಗಳನ್ನು ಕಾಪಾಡುವ ಬಗೆ ಕನ್ನಡಿಗರಿಗೆ ಹೊಸತೇನಲ್ಲ. ಅದೇ ದೇಶದ ಆಕ್ಸಿರಿಂಕಸ್‌ನಲ್ಲಿ ಸಿಕ್ಕು 1903ರಲ್ಲಿ ಪ್ರಕಟವಾದ ಗ್ರೀಕ್ ಪ್ರಹಸನವೊಂದರಲ್ಲಿ ಬರುವ, ಗ್ರೀಕ್ ಅಲ್ಲದ ಕೆಲವು ಮಾತುಗಳು ಕನ್ನಡವೇ ಹೌದೇ ಎಂದು ಮಂಜೇಶ್ವರ ಗೋವಿಂದ ಪೈ ಮೊದಲಾದ ವಿದ್ವಾಂಸರು ಚರ್ಚಿಸಿದ್ದರು. ಆ ಚರ್ಚೆ ಇನ್ನೂ ತೀರ್ಮಾನವಾಗಿಲ್ಲ. ಮಳೆ ಬೀಳದ ನೆಲ ಯಾರ ಮಾತನ್ನು ಬೇಕಾದರೂ ಉಳಿಸಿಕೊಡುತ್ತದೆ ಎಂಬುದಕ್ಕೆ ಅದೊಂದು ಉದಾಹರಣೆ.

ಹಾಡಿನಲ್ಲಿ ಒಲವು

ಮೊದಲು ಪ್ರೀತಿಯ ವಿಷಯ. ಕ್ರಿ.ಪೂ. 1300ರಿಂದ 1100ರ ನಡುವೆ ಬರೆದಿಟ್ಟ ಪ್ರೇಮಗೀತೆಗಳ ಕೆಲವು ಸಂಗ್ರಹಗಳು ಇಂದು ಉಳಿದಿವೆ. ಒಂದು ಡಬ್ಲಿನ್ ನಗರದ ಚೆಸ್ಟರ್ ಬೀಟಿ ಗ್ರಂಥಾಲಯದಲ್ಲಿ, ಇನ್ನೊಂದು ಬ್ರಿಟಿಷ್ ಮ್ಯೂಸಿಯಂನಲ್ಲಿ, ಮತ್ತೊಂದು ಇಟಲಿಯ ಟ್ಯೂರಿನ್ನಿನಲ್ಲಿ. ದೈರ್ ಎಲ್ ಮದೀನಾದಲ್ಲಿ ದೊರೆತ ಒಂದು ಮಡಕೆಯ ಮೇಲೂ ಇಂಥ ಹಾಡುಗಳಿವೆ.

ಈ ಹಾಡುಗಳಲ್ಲಿ ಗಂಡೂ ಮಾತನಾಡುತ್ತಾನೆ, ಹೆಣ್ಣೂ ಮಾತನಾಡುತ್ತಾಳೆ. ಹಕ್ಕಿ ಹಿಡಿಯಲು ಬಲೆ ಒಡ್ಡಿದ ಹುಡುಗಿಯೊಬ್ಬಳು ಅವನ ನೆನಪಿನಲ್ಲಿ ಬಲೆಯನ್ನೇ ಮರೆಯುತ್ತಾಳೆ. ಬರಿಗೈಲಿ ಮನೆಗೆ ಹೋದರೆ ಅಮ್ಮನಿಗೆ ಏನು ಹೇಳಲಿ ಎಂದು ಚಿಂತಿಸುತ್ತಾಳೆ. ಹುಡುಗನೊಬ್ಬ ಮೊಸಳೆಯಿರುವ ನೀರನ್ನು ದಾಟಿ ಅವಳಿರುವ ದಡಕ್ಕೆ ಹೋಗುತ್ತಾನೆ. ಏಳು ದಿನ ಅವಳನ್ನು ಕಾಣದೆ ಜಡ್ಡು ಹಿಡಿದವನಿಗೆ ವೈದ್ಯರ ಮದ್ದು ನಾಟುವುದಿಲ್ಲ, ಅವಳು ಬಾಗಿಲಿಗೆ ಬಂದರೆ ಸಾಕು ಎದ್ದು ಕೂರುತ್ತಾನೆ. ಟ್ಯೂರಿನ್ನಿನ ಹಾಳೆಯಲ್ಲಿ ತೋಟದ ಮರಗಳೇ ಪ್ರೇಮಿಗಳ ಪರವಾಗಿ ಮಾತನಾಡುತ್ತವೆ. ದೇವರ ಹೆಸರು ಬಂದರೆ ಅದು ಹೆಚ್ಚಾಗಿ ಹಾಥೋರ್. ಒಲವಿಗೂ ಸಂಗೀತಕ್ಕೂ ಅಧಿದೇವತೆ ಅವಳು.

ಇಲ್ಲಿ ಗಮನಿಸಬೇಕಾದ ಒಂದು ಸಂಗತಿಯಿದೆ. ಹುಡುಗಿ ಬಯಸುವುದು, ಅವನು ತನ್ನ ತಾಯಿಗೆ ಹೇಳಿ ಕಳುಹಿಸಲಿ ಎಂದು. ಹಾಡಿನ ಪ್ರೀತಿಯೂ ಕೊನೆಗೆ ಬಯಸುವುದು ಒಂದು ಮನೆಯನ್ನೇ. ಅಡವಿಗೆ ಓಡಿಹೋಗುವ ಕನಸು ಅದಲ್ಲ.

ಇನ್ನೊಂದು ಗೊಂದಲವನ್ನೂ ಇಲ್ಲೇ ಬಿಡಿಸಿಬಿಡುವುದು ಒಳ್ಳೆಯದು. ಈ ಹಾಡುಗಳಲ್ಲಿ ಪ್ರೇಮಿಗಳು ಒಬ್ಬರನ್ನೊಬ್ಬರು 'ಸೆನ್', 'ಸೆನೆತ್' ಎಂದು ಕರೆಯುತ್ತಾರೆ. ಅಕ್ಷರಶಃ ಅರ್ಥ ಸೋದರ, ಸೋದರಿ. ಹೆಂಡತಿಯನ್ನೂ ಹಾಗೆಯೇ ಕರೆಯುವ ರೂಢಿ ಬೆಳೆಯಿತು. ಇದನ್ನು ಓದಿದ ಹಿಂದಿನವರು ಈಜಿಪ್ಟಿನಲ್ಲಿ ಎಲ್ಲರೂ ಅಕ್ಕತಂಗಿಯರನ್ನೇ ಮದುವೆಯಾಗುತ್ತಿದ್ದರು ಎಂದು ತಿಳಿದದ್ದುಂಟು. ಅದು ಸರಿಯಲ್ಲ. ರಾಜಮನೆತನದಲ್ಲಿ ಅಂಥ ಮದುವೆಗಳು ನಡೆದವು. ತಾವು ದೇವರ ವಂಶದವರೆಂದು ತೋರಿಸಿಕೊಳ್ಳುವ ಬಗೆ ಅದು. ಫೇರೋಗಳ ಕಾಲದ ಸಾಮಾನ್ಯ ಜನರಲ್ಲಿ ಅದು ತೀರ ಅಪರೂಪ. ಸಾಮಾನ್ಯರಲ್ಲಿ ಒಡಹುಟ್ಟಿದವರ ಮದುವೆ ಹೆಚ್ಚಾಗಿ ಕಾಣುವುದು ಬಹಳ ಈಚೆಗೆ, ರೋಮನ್ನರು ಆಳುತ್ತಿದ್ದಾಗ ಹದಿನಾಲ್ಕು ವರ್ಷಗಳಿಗೊಮ್ಮೆ ನಡೆಸಿದ ಜನಗಣತಿಯ ಹಾಳೆಗಳಲ್ಲಿ. ಅದು ಬೇರೆಯೇ ಕಾಲ, ಬೇರೆಯೇ ಕತೆ.

ಗಂಟು ಹಾಕುವವರಿಲ್ಲ, ಗಂಟು ತರುವವನಿದ್ದ

ಮದುವೆಯನ್ನು ನಾವು ಬ್ರಹ್ಮಗಂಟು ಎನ್ನುತ್ತೇವೆ. ಗಂಟು ಹಾಕಲು ಪುರೋಹಿತರು ಬೇಕು, ನಾಲ್ಕು ಜನ ನೋಡಬೇಕು, ಈಗ ಸಬ್‌ರಿಜಿಸ್ಟ್ರಾರ್ ಕಚೇರಿಯ ಮೊಹರೂ ಬೇಕು. ಈಜಿಪ್ಟಿನಲ್ಲಿ ಇದಾವುದೂ ಕಾಣುವುದಿಲ್ಲ. ದೇವಾಲಯದ ಗೋಡೆಗಳ ಮೇಲೆ ಯುದ್ಧ, ಬೇಟೆ, ಬಲಿ, ಸುಗ್ಗಿ, ಮೆರವಣಿಗೆ ಎಲ್ಲವನ್ನೂ ಕೆತ್ತಿದ ಆ ಜನ ಸಾಮಾನ್ಯರ ಮದುವೆಯ ವಿಧಿಯೊಂದನ್ನು ಎಲ್ಲಿಯೂ ಕೆತ್ತಿಲ್ಲ. ಪುರೋಹಿತನ ಮಂತ್ರವಾಗಲಿ, ಅಧಿಕಾರಿಯ ಅಪ್ಪಣೆಯಾಗಲಿ ಮದುವೆಗೆ ಅವಶ್ಯವಾಗಿತ್ತು ಎನ್ನುವ ದಾಖಲೆಯಿಲ್ಲ.

ಹಾಗಾದರೆ ಮದುವೆ ಎಂದರೇನು? ಅವರ ನುಡಿಗಟ್ಟುಗಳೇ ಉತ್ತರ ಹೇಳುತ್ತವೆ. ಮದುವೆಯಾದ ಎನ್ನಲು ಅವರು ಬಳಸುತ್ತಿದ್ದ ಮಾತುಗಳ ಅರ್ಥ 'ಮನೆ ಹೂಡಿದ', 'ಒಟ್ಟಿಗೆ ಕುಳಿತರು', 'ಮನೆಯೊಳಗೆ ಹೋದ' ಎಂದು. ಹೆಣ್ಣೂ ಗಂಡೂ ಒಂದು ಸೂರಿನಡಿ ಬಾಳಲು ತೊಡಗಿದರೆ, ಮನೆಯವರು ಒಪ್ಪಿದರೆ, ಊರು ಅದನ್ನು ಮದುವೆಯೆಂದು ಕರೆಯಿತು. ಅಷ್ಟೇ.

ಒಂದು ಸಣ್ಣ ಗುರುತು ಮಾತ್ರ ದೈರ್ ಎಲ್ ಮದೀನಾದ ಹಾಳೆಗಳಲ್ಲಿ ಸಿಗುತ್ತದೆ. ಹುಡುಗ ಹುಡುಗಿಯ ತಂದೆಯ ಮನೆಗೆ ಒಂದು ಗಂಟು ತೆಗೆದುಕೊಂಡು ಹೋಗುತ್ತಿದ್ದ. ಅವಳು ನನ್ನ ಹೆಂಡತಿ ಎಂದು ಮುಂದೆ ವಾದಿಸುವಾಗ, ನಾನು ಗಂಟು ತಂದಿದ್ದೆ ಎನ್ನುವುದೇ ಪುರಾವೆ. ನಮ್ಮಲ್ಲಿ ಹಾಕುವ ಗಂಟು, ಅಲ್ಲಿ ಹೊತ್ತು ತರುವ ಗಂಟು.

ಮನೆಯೊಳಗಿನ ಮಾತು

ಮದುವೆಯಾದ ಹೆಣ್ಣಿಗೆ ಆ ಜನ ಕೊಟ್ಟ ಬಿರುದು 'ನೆಬೆತ್ ಪೆರ್', ಅಂದರೆ ಮನೆಯ ಒಡತಿ. ಇದು ಬರೀ ಉಪಚಾರದ ಮಾತಲ್ಲ. ಆಸ್ತಿ ಕೊಳ್ಳಲು, ಮಾರಲು, ಸಾಲ ಕೊಡಲು, ನ್ಯಾಯಸಭೆಯಲ್ಲಿ ತಾನೇ ನಿಂತು ವಾದಿಸಲು, ಉಯಿಲು ಬರೆಸಲು ಅವಳಿಗೆ ಹಕ್ಕಿತ್ತು. ತಂದೆ ತಾಯಿಯ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಪಾಲು ಬರುತ್ತಿತ್ತು. ಕ್ರಿ.ಪೂ. ಐದನೆಯ ಶತಮಾನದಲ್ಲಿ ಅಲ್ಲಿಗೆ ಹೋದ ಗ್ರೀಕ್ ಚರಿತ್ರೆಕಾರ ಹೆರೊಡೊಟಸ್, ಇಲ್ಲಿ ಹೆಂಗಸರು ಪೇಟೆಗೆ ಹೋಗಿ ವ್ಯಾಪಾರ ಮಾಡುತ್ತಾರೆ, ಗಂಡಸರು ಮನೆಯಲ್ಲಿ ಕುಳಿತು ನೇಯುತ್ತಾರೆ ಎಂದು ಬೆರಗಾಗಿ ಬರೆದಿದ್ದಾನೆ. ಅವನ ಮಾತಿನಲ್ಲಿ ಉತ್ಪ್ರೇಕ್ಷೆ ಇರಬಹುದು. ಆದರೆ ಅವನ ಬೆರಗು ಸುಳ್ಳಲ್ಲ. ಹೆಣ್ಣಿನ ವ್ಯವಹಾರಕ್ಕೆ ಗಂಡಸರ ಪೋಷಕತ್ವ ಬೇಕೇಬೇಕು ಎನ್ನುವ ಅಥೆನ್ಸಿನ ಕಾನೂನನ್ನು ಬಲ್ಲವನಿಗೆ ಇದು ವಿಚಿತ್ರವಾಗಿಯೇ ಕಂಡಿರಬೇಕು.

ಗಂಡಂದಿರಿಗೆ ಬುದ್ಧಿ ಹೇಳುವ ಗ್ರಂಥಗಳೂ ಅಲ್ಲಿದ್ದವು. ಪ್ತಾಹ್‌ಹೊಟೆಪ್ ಎಂಬ ಮಂತ್ರಿಯ ಹೆಸರಿನಲ್ಲಿರುವ ಉಪದೇಶವು ಹೆಂಡತಿಯನ್ನು ಪ್ರೀತಿಸು, ಹೊಟ್ಟೆಗೆ ಬಟ್ಟೆಗೆ ಕಡಿಮೆ ಮಾಡಬೇಡ ಎನ್ನುತ್ತದೆ. ಅದೇ ಉಸಿರಿನಲ್ಲಿ ಅವಳ ಕೈಗೆ ಅಧಿಕಾರ ಕೊಡಬೇಡ ಎಂದೂ ಎಚ್ಚರಿಸುತ್ತದೆ. ಅನಂತರದ ಕಾಲದ ಆನಿ ಎಂಬ ಲಿಪಿಕಾರನ ಉಪದೇಶ ಸ್ವಲ್ಪ ಬೇರೆ. ಹೆಂಡತಿ ಅಚ್ಚುಕಟ್ಟಾಗಿ ಮನೆ ನಡೆಸುವವಳು ಎಂದು ಗೊತ್ತಿದ್ದ ಮೇಲೆ, ಅದೆಲ್ಲಿ, ಇದು ತಾ ಎಂದು ಅವಳ ಮನೆಯಲ್ಲಿ ಅವಳ ಮೇಲೇ ಅಧಿಕಾರ ನಡೆಸಬೇಡ. ಸುಮ್ಮನೆ ನೋಡು, ಅವಳ ಕೌಶಲ ತಿಳಿಯುತ್ತದೆ ಎಂಬ ಅರ್ಥದ ಮಾತು ಅದರಲ್ಲಿದೆ. ಈ ಬುದ್ಧಿವಾದ ಕೇಳಿ ಇಲ್ಲಿ ಕುಳಿತ ಕೆಲವು ಮುಖಗಳಲ್ಲಿ ನಗು ಕಾಣುತ್ತಿದೆ. ಯಾರೆಂದು ಹೇಳುವುದಿಲ್ಲ.

ಉಪದೇಶ ಇರಲಿ, ಬದುಕಿನಲ್ಲಿ ಹೇಗಿತ್ತು? ದೈರ್ ಎಲ್ ಮದೀನಾದ ಗುಡ್ಡದಲ್ಲಿ 1906ರಲ್ಲಿ ಇಟಲಿಯ ಎರ್ನೆಸ್ಟೊ ಸ್ಕಿಯಪರೆಲ್ಲಿ ಒಂದು ಗೋರಿ ತೆರೆದ. ಕಳ್ಳರ ಕೈ ಸೋಕದ ಗೋರಿ. ಕ್ರಿ.ಪೂ. 1400ರ ಆಸುಪಾಸಿನ ಖಾ ಎಂಬ ಮೇಲ್ವಿಚಾರಕ ಮತ್ತು ಅವನ ಹೆಂಡತಿ ಮೆರಿತ್ ಅಲ್ಲಿ ಮಲಗಿದ್ದರು. ಮೆರಿತಳ ಮೈಗಿಂತ ಅವಳ ಶವಪೆಟ್ಟಿಗೆ ದೊಡ್ಡದಾಗಿತ್ತು. ಉಳಿದ ಜಾಗದಲ್ಲಿ ಬಟ್ಟೆ ತುರುಕಿದ್ದರು. ಪೆಟ್ಟಿಗೆಯ ಮೇಲಿದ್ದದ್ದು ಅವಳ ಹೆಸರಲ್ಲ, ಖಾನ ಹೆಸರು. ಅವಳು ಗಂಡನಿಗಿಂತ ಮೊದಲೇ, ತನ್ನ ಪೆಟ್ಟಿಗೆ ಸಿದ್ಧವಾಗುವ ಮುನ್ನವೇ ತೀರಿಕೊಂಡಿದ್ದಳು. ಖಾ ತನಗೆಂದು ಮಾಡಿಸಿಟ್ಟಿದ್ದ ಪೆಟ್ಟಿಗೆಯನ್ನು ಹೆಂಡತಿಗೆ ಕೊಟ್ಟಿದ್ದ. ಪಕ್ಕದಲ್ಲಿ ಅವಳ ಕೂದಲಿನ ಟೋಪನ್ನೂ, ಅಲಂಕಾರದ ಪೆಟ್ಟಿಗೆಯನ್ನೂ ಇಟ್ಟಿದ್ದರು. ಈ ವಸ್ತುಗಳನ್ನು ಇಂದು ಟ್ಯೂರಿನ್ನಿನ ಮ್ಯೂಸಿಯಂನಲ್ಲಿ ನೋಡಬಹುದು. ಮುಂದಿನ ಲೋಕದ ಬದುಕೇ ದೊಡ್ಡದೆಂದು ನಂಬಿದ ಜನರಲ್ಲಿ ತನ್ನ ಶವಪೆಟ್ಟಿಗೆ ಬಿಟ್ಟುಕೊಡುವುದೆಂದರೆ ಸಣ್ಣ ಮಾತಲ್ಲ.

ಮುರಿದಾಗ ಬರೆದ ಹಾಳೆ

ಆದರೆ ಎಲ್ಲರೂ ಖಾ ಮತ್ತು ಮೆರಿತ್ ಆಗಿರುವುದಿಲ್ಲ. ಪತ್ರಿಕೆಗೆ ವರದಿ ಬರೆಯುವ ನನಗೆ ಒಂದು ವಿಷಯ ಚೆನ್ನಾಗಿ ಗೊತ್ತು. ಚೆನ್ನಾಗಿ ನಡೆದಿರುವ ಸಂಸಾರ ಸುದ್ದಿಯಾಗುವುದಿಲ್ಲ. ಕೋರ್ಟಿನ ಮೆಟ್ಟಿಲು ಹತ್ತಿದ ಸಂಸಾರ ಸುದ್ದಿಯಾಗುತ್ತದೆ. ಮೂರು ಸಾವಿರ ವರ್ಷ ಹಿಂದೆಯೂ ಅಷ್ಟೇ. ಮನೆ ಹೂಡಲು ಹಾಳೆ ಬೇಕಿರಲಿಲ್ಲ, ಮನೆ ಮುರಿದಾಗ ಬೇಕಾಯಿತು. ಅವರ ದಾಂಪತ್ಯದ ಬಗ್ಗೆ ನಮಗಿಂದು ತಿಳಿದಿರುವುದರಲ್ಲಿ ಬಹಳಷ್ಟು ತಿಳಿದದ್ದು ಹೀಗೆ.

ಮದುವೆಗೆ ವಿಧಿಯಿರಲಿಲ್ಲ, ಬಿಡುಗಡೆಗೂ ವಿಧಿಯಿರಲಿಲ್ಲ. ಒಬ್ಬರು ಮನೆ ಬಿಟ್ಟರೆ ಆಯಿತು. ಕಷ್ಟ ಇದ್ದದ್ದು ಪಾಲಿನಲ್ಲಿ. ಮದುವೆಯ ನಂತರ ಇಬ್ಬರೂ ಸೇರಿ ಗಳಿಸಿದ್ದರಲ್ಲಿ ಗಂಡನಿಗೆ ಮೂರನೆಯ ಎರಡು, ಹೆಂಡತಿಗೆ ಮೂರನೆಯ ಒಂದು ಎಂಬುದು ರೂಢಿ. ಅವಳು ತವರಿನಿಂದ ತಂದದ್ದು ಅವಳದೇ.

ತೆಲ್ಮೊಂತು ಎಂಬ ತಂದೆ ಇನ್ನೂ ಮುಂದೆ ಹೋದ. ಊರಿನ ಮೇಸ್ತ್ರಿ ಮತ್ತು ಲಿಪಿಕಾರರ ಮುಂದೆ ಅಳಿಯನಿಂದ ಪ್ರಮಾಣ ಮಾಡಿಸಿದ. ಮುಂದೆಂದಾದರೂ ಇವರ ಮಗಳನ್ನು ಬಿಟ್ಟರೆ ನೂರು ಏಟು ತಿನ್ನುತ್ತೇನೆ, ಅವಳೊಂದಿಗೆ ಗಳಿಸಿದ ಎಲ್ಲವನ್ನೂ ಕಳೆದುಕೊಳ್ಳುತ್ತೇನೆ ಎಂದು ಅಳಿಯ ಅಮೊನ್ ದೇವರ ಮೇಲೆ, ದೊರೆಯ ಮೇಲೆ ಆಣೆಯಿಟ್ಟ. ಚೂರಿನ ಮೇಲೆ ಸಾಕ್ಷಿಗಳ ಹೆಸರೂ ಇದೆ. ತಂದೆಗೆ ಅಳಿಯನ ಪ್ರೀತಿಯ ಮೇಲೆ ನಂಬಿಕೆ ಇದ್ದಿರಬಹುದು. ಆಣೆಯ ಮೇಲೆ ಹೆಚ್ಚು ನಂಬಿಕೆ ಇತ್ತು.

ಇಂಥ ತಂದೆಯಿಲ್ಲದವಳ ಗತಿಯೇನು? ಸೆತ್‌ನಖ್ತ್ ದೊರೆಯ ಎರಡನೆಯ ವರ್ಷದ ಚೂರೊಂದು ಗಂಡ ಬಿಟ್ಟ ಒಬ್ಬಳ ವಿಷಯ ಹೇಳುತ್ತದೆ. ಯಾರೋ ಒಬ್ಬರು ಮೂರು ವರ್ಷ ಅವಳಿಗೆ ತಿಂಗಳಿಗೆ ಕಾಲು ಮೂಟೆ ಗೋಧಿ ಕೊಟ್ಟ ಲೆಕ್ಕ ಅದರಲ್ಲಿದೆ. ಒಟ್ಟು ಒಂಬತ್ತು ಮೂಟೆ. ಅದೇ ಊರಿನ ಒಬ್ಬ ಕೂಲಿಕಾರನಿಗೆ ತಿಂಗಳಿಗೆ ಬರುತ್ತಿದ್ದದ್ದು ನಾಲ್ಕು ಮೂಟೆ ಗೋಧಿ, ಒಂದೂವರೆ ಮೂಟೆ ಬಾರ್ಲಿ. ಹೋಲಿಸಿ ನೋಡಿದರೆ ಅವಳ ಒಲೆಯ ಸ್ಥಿತಿ ಅರ್ಥವಾಗುತ್ತದೆ. ಅವಳು ಒಂದು ವಸ್ತ್ರವನ್ನು ಕೊಟ್ಟು, ನದಿ ದಡದ ಸಂತೆಯಲ್ಲಿ ಮಾರಿ ಗೋಧಿ ತನ್ನಿ ಎಂದಳಂತೆ. ಬಟ್ಟೆ ಚೆನ್ನಾಗಿಲ್ಲವೆಂದು ಕೊಳ್ಳುವವರು ತಿರಸ್ಕರಿಸಿದರು. ಲೆಕ್ಕ ಬರೆದವರು ಅದನ್ನೂ ಬರೆದಿಟ್ಟಿದ್ದಾರೆ. ಹಕ್ಕು ಕಾನೂನಿನಲ್ಲಿ ಇರುವುದು ಬೇರೆ, ಮನೆಯ ಕಣಜದಲ್ಲಿ ಕಾಳಿರುವುದು ಬೇರೆ.

ಶತಮಾನಗಳು ಕಳೆದಂತೆ ಜನ ಬುದ್ಧಿ ಕಲಿತರು. ಮುರಿದಾಗ ಬರೆಯುವ ಹಾಳೆಯನ್ನು ಬಾಳುವಾಗಲೇ ಬರೆಸತೊಡಗಿದರು. ಚಿಕಾಗೋ ವಿಶ್ವವಿದ್ಯಾಲಯದ ಸಂಗ್ರಹದಲ್ಲಿ ಕ್ರಿ.ಪೂ. 365-64ರ ಒಂದು ಉದ್ದನೆಯ ಕರಾರುಪತ್ರವಿದೆ. ಅದರಲ್ಲಿ ಮಾತನಾಡುವವನು ಗಂಡ. ಹೆಂಡತಿಯಿಂದ 30 ಬೆಳ್ಳಿಯನ್ನು ಪಡೆದಿದ್ದಾಗಿ ಒಪ್ಪಿಕೊಳ್ಳುತ್ತಾನೆ. ಅದಕ್ಕೆ ಪ್ರತಿಯಾಗಿ ಅವಳು ಬದುಕಿರುವವರೆಗೆ ವರ್ಷಕ್ಕೆ 1.2 ಬೆಳ್ಳಿ ಮತ್ತು 36 ಮೂಟೆ ಧಾನ್ಯ ಕೊಡುವುದಾಗಿ ಮಾತು ಕೊಡುತ್ತಾನೆ. ಇದನ್ನು ಮದುವೆಪತ್ರ ಎಂದು ಕರೆದರೂ ಅದರಲ್ಲಿ ಪ್ರೀತಿಯ ಒಂದು ಶಬ್ದವೂ ಇಲ್ಲ. ಇರುವುದೆಲ್ಲ ಬೆಳ್ಳಿ ಮತ್ತು ಕಾಳು. ಆದರೆ ಆ ಕಾಲು ಮೂಟೆ ಗೋಧಿಯ ಹೆಂಗಸನ್ನು ನೆನೆದುಕೊಂಡು ಈ ಪತ್ರ ಓದಿದರೆ, ಇದರಲ್ಲಿ ಪ್ರೀತಿ ಇಲ್ಲ ಎನ್ನಲು ಮನಸ್ಸು ಬರುವುದಿಲ್ಲ.

ಬೆಳಕಿನ ಪಕ್ಕದ ನೆರಳು

ಇಷ್ಟು ಕೇಳಿದವರು ಅದೊಂದು ಸ್ವರ್ಗ ಎಂದುಕೊಳ್ಳಬಾರದು. ಎರಡು ದಾಖಲೆಗಳನ್ನು ನಿಮ್ಮ ಮುಂದಿಡುತ್ತೇನೆ.

ಮೊದಲನೆಯದು ಬ್ರಿಟಿಷ್ ಮ್ಯೂಸಿಯಂನಲ್ಲಿರುವ ಒಂದು ಪತ್ರ. ಹೆಂಡತಿಯಿದ್ದ ಒಬ್ಬ ಗಂಡಸು ಎಂಟು ತಿಂಗಳಿಂದ ಇನ್ನೊಬ್ಬ ಹೆಂಗಸಿನ ಮನೆಗೆ ಹೋಗುತ್ತಿದ್ದ. ಒಂದು ಸಂಜೆ ಅವನ ಹೆಂಡತಿಯ ಕಡೆಯವರು, ಮುದುಕರು ಹುಡುಗರು, ಗಂಡಸರು ಹೆಂಗಸರು ಗುಂಪಾಗಿ ಹೊರಟರು. ಹೊಡೆಯಲು ಹೊರಟದ್ದು ಯಾರನ್ನು? ಆ ಗಂಡಸನ್ನಲ್ಲ; ಆ ಹೆಂಗಸನ್ನು ಮತ್ತು ಅವಳ ಮನೆಯವರನ್ನು. ಒಬ್ಬ ಅಧಿಕಾರಿ ಅವರನ್ನು ತಡೆದ. ಅವನಿಗೆ ನಿನ್ನ ಮೇಲೆ ಮನಸ್ಸಿದ್ದರೆ ತನ್ನ ಹೆಂಡತಿಯೊಂದಿಗೆ ನ್ಯಾಯಸಭೆಗೆ ಹೋಗಿ ಪ್ರಮಾಣ ಮಾಡಿ ವಿಷಯ ತೀರಿಸಿಕೊಂಡು ಬರಲಿ, ಮುಂದಿನ ಸಲ ನಾನು ತಡೆಯುವುದಿಲ್ಲ ಎಂಬ ಎಚ್ಚರಿಕೆ ಹೋಯಿತು. ಕಾನೂನು ಇಬ್ಬರನ್ನೂ ಸಮವಾಗಿ ಕಂಡರೂ ಬೀದಿ ಸಮವಾಗಿ ಕಾಣಲಿಲ್ಲ.

ಎರಡನೆಯದು ಆಕ್ಸ್‌ಫರ್ಡಿನ ಆಶ್ಮೋಲಿಯನ್ ಮ್ಯೂಸಿಯಂನಲ್ಲಿರುವ ದತ್ತುಪತ್ರ. ಹನ್ನೊಂದನೆಯ ರಾಮ್ಸೆಸ್ ದೊರೆಯ ಕಾಲ, ಅಂದರೆ ಸುಮಾರು ಕ್ರಿ.ಪೂ. 1100. ನೆಬ್‌ನೆಫೆರ್ ಎಂಬ ಲಾಯದ ಅಧಿಕಾರಿಗೂ ಅವನ ಹೆಂಡತಿಗೂ ಮಕ್ಕಳಿರಲಿಲ್ಲ. ತಾನು ಸತ್ತರೆ ಆಸ್ತಿ ಒಡಹುಟ್ಟಿದವರ ಪಾಲಾಗಿ ಹೆಂಡತಿ ಬೀದಿಗೆ ಬೀಳುತ್ತಾಳೆಂದು ಅವನು ಒಂದು ಉಪಾಯ ಮಾಡಿದ. ಹೆಂಡತಿಯನ್ನೇ ತನ್ನ ಮಗಳೆಂದು ದತ್ತು ತೆಗೆದುಕೊಂಡ! ಆಮೇಲೆ ದಂಪತಿಗಳು ದಿನಿಹೆತಿರಿ ಎಂಬ ದಾಸಿಯನ್ನು ಕೊಂಡರು. ಅವಳಿಗೆ ಮೂರು ಮಕ್ಕಳಾದವು. ವರ್ಷಗಳ ನಂತರ ಆ ಹೆಂಡತಿ ಈ ಮೂವರನ್ನು ದಾಸ್ಯದಿಂದ ಬಿಡಿಸಿ ತನ್ನ ಮಕ್ಕಳೆಂದು ದತ್ತು ಪಡೆದಳು. ತನ್ನ ತಮ್ಮನಿಗೆ ಅವರಲ್ಲಿ ಹಿರಿಯ ಹುಡುಗಿಯನ್ನು ಮದುವೆ ಮಾಡಿಕೊಟ್ಟಳು. ಹೆಂಡತಿಯನ್ನು ಕಾಪಾಡಲು ಕಾನೂನನ್ನೇ ಬಗ್ಗಿಸಿದ ಗಂಡ. ಸಾಕಿದ ಮಕ್ಕಳಿಗೆ ಬಿಡುಗಡೆ ಕೊಟ್ಟ ಹೆಣ್ಣು. ಮನ ಕರಗುತ್ತದೆ. ಆದರೆ ಆ ಮಕ್ಕಳನ್ನು ಹೆತ್ತ ದಿನಿಹೆತಿರಿಯ ಮನಸ್ಸಿನಲ್ಲಿ ಏನಿತ್ತು ಎಂದು ಪತ್ರ ಬರೆಸಿದವರು ಯಾರೂ ಕೇಳಲಿಲ್ಲ. ಹಕ್ಕುಗಳೆಲ್ಲ ಸ್ವತಂತ್ರ ಹೆಣ್ಣಿನ ಹಕ್ಕುಗಳು.

ಒಂದೇ ಮನೆಯ ಎರಡು ಹಾಳೆ

ಇನ್ನು ಈ ಭಾಷಣದ ಶೀರ್ಷಿಕೆಗೆ ಬರುತ್ತೇನೆ. ದೈರ್ ಎಲ್ ಮದೀನಾದಲ್ಲಿ ನೌನಖ್ತೆ ಎಂಬ ಹೆಂಗಸು ಇದ್ದಳು. ಅವಳ ಮೊದಲ ಗಂಡ ಕೆನ್‌ಹೆರ್‌ಖೆಪೆಶೆಫ್ ಎಂಬ ಹೆಸರಾಂತ ಲಿಪಿಕಾರ. ವಯಸ್ಸಿನಲ್ಲಿ ಅವಳಿಗಿಂತ ಬಹಳ ಹಿರಿಯ. ಅವನು ತೀರಿಕೊಂಡ ಮೇಲೆ ಅವಳು ಖಾಎಮ್ನುನ್ ಎಂಬ ಸಾಧಾರಣ ಕೂಲಿಕಾರನನ್ನು ಮದುವೆಯಾದಳು. ವಿಧವೆ ಮರುಮದುವೆಯಾಗಲು ಅಡ್ಡಿಯಿರಲಿಲ್ಲ. ಎಂಟು ಮಕ್ಕಳಾದರು. ಒಬ್ಬ ಮಗನಿಗೆ ಮೊದಲ ಗಂಡನ ಹೆಸರನ್ನೇ ಇಟ್ಟರು. ಎರಡನೆಯ ಗಂಡ ಅದಕ್ಕೆ ಒಪ್ಪಿದ ಎಂಬುದನ್ನು ಗಮನಿಸಿ.

ಐದನೆಯ ರಾಮ್ಸೆಸ್ ದೊರೆಯ ಮೂರನೆಯ ವರ್ಷ, ಸುಮಾರು ಕ್ರಿ.ಪೂ. 1145. ಮುದುಕಿಯಾದ ನೌನಖ್ತೆ ಊರಿನ ಪಂಚರ ಮುಂದೆ ಬಂದು ಉಯಿಲು ಬರೆಸಿದಳು. ತಾನು ಫೇರೋನ ನಾಡಿನ ಸ್ವತಂತ್ರ ಹೆಣ್ಣು ಎಂದು ಹೇಳಿಕೊಂಡು ಮಾತು ಆರಂಭಿಸುತ್ತಾಳೆ. ಎಂಟೂ ಮಕ್ಕಳನ್ನು ಸಾಕಿದೆ, ಅವರವರ ಸಂಸಾರಕ್ಕೆ ಬೇಕಾದ್ದನ್ನು ಕೊಟ್ಟೆ. ಈಗ ಮುಪ್ಪು ಬಂದಿದೆ, ಕೆಲವರು ನನ್ನನ್ನು ನೋಡಿಕೊಳ್ಳುತ್ತಿಲ್ಲ ಎನ್ನುತ್ತಾಳೆ. ಯಾರು ತನ್ನ ಕೈ ಹಿಡಿದರೋ ಅವರಿಗೆ ತನ್ನ ಆಸ್ತಿ, ಹಿಡಿಯದವರಿಗೆ ಇಲ್ಲ. ಹೆಚ್ಚು ನೋಡಿಕೊಂಡ ಒಬ್ಬ ಮಗನಿಗೆ ಕಂಚಿನ ಪಾತ್ರೆಯೊಂದು ಹೆಚ್ಚುವರಿ. ಆದರೆ ತಂದೆಯ ಪಾಲಿನ ಮೂರನೆಯ ಎರಡು ಭಾಗದಲ್ಲಿ ಎಲ್ಲ ಮಕ್ಕಳಿಗೂ ಹಕ್ಕುಂಟು. ಅದನ್ನು ತಪ್ಪಿಸುವ ಅಧಿಕಾರ ತನಗಿಲ್ಲ ಎಂಬುದು ಆಕೆಗೆ ಗೊತ್ತು. ಯಾವುದು ತನ್ನದು, ಯಾವುದು ಗಂಡನದು ಎಂಬ ಲೆಕ್ಕ ಅಷ್ಟು ಸ್ಪಷ್ಟ. ಈ ಉಯಿಲನ್ನು ಜೆಕ್ ವಿದ್ವಾಂಸ ಯಾರೊಸ್ಲಾವ್ ಚೆರ್ನಿ 1945ರಲ್ಲಿ ಪ್ರಕಟಿಸಿದರು.

ಸ್ವಾರಸ್ಯ ಇರುವುದು ಮುಂದೆ. ಆಗಲೇ ಹೇಳಿದ ಡಬ್ಲಿನ್ನಿನ ಪ್ರೇಮಗೀತೆಗಳ ಹಾಳೆ, ಏಳು ದಿನ ಅವಳನ್ನು ಕಾಣದೆ ಜಡ್ಡಾದ ಹುಡುಗನ ಹಾಡಿರುವ ಹಾಳೆ, ಯಾರ ಮನೆಯಲ್ಲಿತ್ತು ಎಂದು ವಿದ್ವಾಂಸರು ಹುಡುಕುತ್ತ ಹೋದರು. ಆ ಹಾಳೆಗಳ ಗುಂಪು ಕೆನ್‌ಹೆರ್‌ಖೆಪೆಶೆಫ್‌ನಿಂದ ಬೆಳೆದು ನೌನಖ್ತೆಯ ಮಕ್ಕಳ ಕೈಗೆ ಬಂದ ಮನೆಯ ಪುಸ್ತಕ ಭಂಡಾರ ಎಂಬ ತೀರ್ಮಾನಕ್ಕೆ ಬಂದರು. ಹಾಡಿನ ಹಾಳೆಯೂ ಉಯಿಲಿನ ಹಾಳೆಯೂ ಒಂದೇ ಕುಟುಂಬದ ಸೊತ್ತು! ಸಂಜೆ ಓದಿ ಸಂತೋಷಪಡಲು ಒಂದು, ಪಂಚರ ಮುಂದೆ ಬಿಚ್ಚಿ ತೋರಿಸಲು ಇನ್ನೊಂದು.

ಇವೆರಡೂ ಒಂದಕ್ಕೊಂದು ವಿರುದ್ಧ ಎಂದು ನಮಗೆ ಅನಿಸಬಹುದು. ಪ್ರೀತಿ ಇರುವಲ್ಲಿ ಲೆಕ್ಕವೇಕೆ, ಲೆಕ್ಕ ಬರೆದ ಮೇಲೆ ಪ್ರೀತಿ ಎಲ್ಲಿ ಎಂದು ಕೇಳುತ್ತೇವೆ. ಈಜಿಪ್ಟಿನವರು ಹಾಗೆ ಕೇಳಿದಂತೆ ಕಾಣುವುದಿಲ್ಲ. ಮದುವೆಗೆ ದೇವರ ಸಾಕ್ಷಿಯನ್ನೂ ಕೇಳದೆ, ದೊರೆಯ ಮೊಹರನ್ನೂ ಕೇಳದೆ ಬರಿಯ ನಂಬಿಕೆಯ ಮೇಲೆ ಮನೆ ಹೂಡಿದವರು ಅವರು. ನಂಬಿಕೆ ಕೆಲವೊಮ್ಮೆ ಸೋಲುತ್ತದೆ ಎಂಬುದೂ ಅವರಿಗೆ ಗೊತ್ತಿತ್ತು. ಸೋತಾಗ ಹೆಣ್ಣಿಗೆ ನಿಲ್ಲಲು ಒಂದು ಕೋಣೆ, ಒಲೆಗೆ ನಾಲ್ಕು ಕಾಳು, ಕೈಯಲ್ಲಿ ಒಂದು ಹಾಳೆ ಇರಲಿ ಎಂದು ಯೋಚಿಸಿದವರು ಪ್ರೀತಿಸದವರಲ್ಲ. ಹೋರೆಮ್‌ವಿಯಾ ಏಕೆ ಬರೆದಿಟ್ಟ ಎಂದು ಆರಂಭದಲ್ಲಿ ಕೇಳಿದೆನಲ್ಲ, ಉತ್ತರ ಇದೇ. ಬಾಯಿಮಾತು ತಂದೆಯೊಡನೆ ಸಾಯುತ್ತದೆ; ಬರೆದದ್ದು ಮಗಳ ಜೊತೆ ಉಳಿಯುತ್ತದೆ.

ಮುಗಿಸುವ ಮುನ್ನ ಇನ್ನೊಂದೇ ಹಾಳೆ. ಹಾಲೆಂಡಿನ ಲೈಡನ್ ನಗರದ ಮ್ಯೂಸಿಯಂನಲ್ಲಿರುವ ಅದನ್ನು ಒಬ್ಬ ವಿಧುರ ತನ್ನ ಸತ್ತ ಹೆಂಡತಿಗೆ ಬರೆದ. ಅವಳ ಹೆಸರು ಅಂಖಿರಿ. ಸತ್ತವರು ಮುನಿದರೆ ಬದುಕಿದವರಿಗೆ ಕಾಟ ಎಂದು ಅವರ ನಂಬಿಕೆ. ತನಗೆ ಬರುತ್ತಿರುವ ತೊಂದರೆಗೆ ಅವಳ ಮುನಿಸೇ ಕಾರಣವೆಂದು ತಿಳಿದ ಅವನು, ನಾನು ನಿನಗೇನು ಕೆಟ್ಟದ್ದು ಮಾಡಿದೆ ಎಂದು ಕೇಳುತ್ತಾನೆ. ಹರೆಯದಲ್ಲಿ ನಿನ್ನನ್ನು ಮದುವೆಯಾದೆ. ದೊಡ್ಡ ಹುದ್ದೆಗಳು ಬಂದಾಗಲೂ ನಿನ್ನನ್ನು ಬಿಡಲಿಲ್ಲ. ಕಾಯಿಲೆ ಬಿದ್ದಾಗ ಹಿರಿಯ ವೈದ್ಯನನ್ನು ಕರೆಸಿದೆ. ದೊರೆಯೊಂದಿಗೆ ದೂರ ಹೋಗಿದ್ದಾಗ ನೀನು ತೀರಿಕೊಂಡೆ, ಅನ್ನ ನೀರು ಸೇರಲಿಲ್ಲ, ಮರಳಿ ಬಂದು ಅತ್ತೆ. ಮೂರು ವರ್ಷವಾಯಿತು, ಒಬ್ಬನೇ ಇದ್ದೇನೆ, ಇನ್ನೊಂದು ಮನೆಗೆ ಹೋಗಿಲ್ಲ ಎಂದು ಪಟ್ಟಿ ಮಾಡುತ್ತಾನೆ. ಈ ಪತ್ರವನ್ನು ಹೆಣ್ಣಿನ ಒಂದು ಮರದ ಬೊಂಬೆಗೆ ಕಟ್ಟಿದ್ದರು.

ಓದಿದರೆ ಅದು ನ್ಯಾಯಸಭೆಗೆ ಕೊಟ್ಟ ಹೇಳಿಕೆಯಂತಿದೆ. ಮಾಡಿದ್ದು, ಕೊಟ್ಟದ್ದು, ಬಿಡದೇ ಇದ್ದದ್ದು ಎಲ್ಲದರ ಲೆಕ್ಕ. ಅವನಿಗೆ ಪ್ರೇಮಗೀತೆ ಬರೆಯಲು ಬರುತ್ತಿರಲಿಲ್ಲವೋ ಏನೋ. ಲೆಕ್ಕದ ಭಾಷೆಯಲ್ಲೇ ಅವನು ತನ್ನ ಒಲವನ್ನು ಬರೆದಿಟ್ಟ. ಹಾಡಿನ ಹಾಳೆ, ಬಾಳಿನ ಹಾಳೆ ಎರಡೂ ಅಲ್ಲಿ ಒಂದೇ ಆಗಿವೆ.